ಅಂತೆ, ಇರಬಹುದು, ಇತ್ತು

ನಮ್ಮೂರಿನ ಪಕ್ಕದಲ್ಲೇ ಒಂದು ಬೂದಿದಿಬ್ಬವಿತ್ತು. ಬಳ್ಳಾರಿ ಸೀಮೆಯವರಿಗೆ ಇದೇನೂ ಅಪರೂಪದ ಸಂಗತಿಯಲ್ಲ. ಬೇಸಿಗೆ ಬಂತೆಂದರೆ ಊರಿನವರು ಬಂಡಿ ಕಟ್ಟಿಕೊಂಡು ಹೋಗಿ, ಆ ದಿಬ್ಬದ ಬೂದಿಯನ್ನು ಅಗೆದು, ಗೊಬ್ಬರವೆಂದು ಹೊಲಕ್ಕೆ ಹೇರುತ್ತಿದ್ದರು. ಬಂಡಿಯ ಮೇಲೆ ಕೂತು ಹೋಗುತ್ತಿದ್ದ ನಾನು ಒಮ್ಮೆ ಅಜ್ಜಿಯನ್ನು ಕೇಳಿದೆ, ಅಷ್ಟೊಂದು ಬೂದಿ ಅಲ್ಲಿಗೆ ಎಲ್ಲಿಂದ ಬಂತು ಎಂದು. "ಹಿಡಿಂಬಾಸುರನ ಬೂದಿಯಪ್ಪಾ ಅದು. ಭೀಮ ಅವನ್ನ ಕೊಂದು ಅಲ್ಲೇ ಸುಟ್ಟನಂತೆ" ಎಂದಳು.

ಅದೇ ವರ್ಷ ಶಾಲೆಯಲ್ಲಿ ಶಿಲಾಯುಗದ ಪಾಠವಾಯಿತು. ನವಶಿಲಾಯುಗದ ಜನರು ಪಶುಪಾಲನೆ ಮಾಡುತ್ತಿದ್ದರು, ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಬಳಸುತ್ತಿದ್ದರು ಎಂದು ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ಅದು 'ಬಿಟ್ಟ ಸ್ಥಳ ತುಂಬಿರಿ'ಯಲ್ಲಿ ಬಂತು, ಅಂಕವೂ ಬಂತು. ಆದರೆ ಪಾಠದಲ್ಲಿದ್ದ ಆ ಜನರ ದನಗಳ ಸಗಣಿಯ ಬೂದಿಯ ಮೇಲೆಯೇ ನಾನು ಬಂಡಿಯಲ್ಲಿ ಕೂತು ಬಂದಿದ್ದೆ ಎಂಬುದು ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ, ಕಾಲೇಜಿನ ಗ್ರಂಥಾಲಯದಲ್ಲಿ. ಅಲ್ಲಿಯವರೆಗೆ ದಿಬ್ಬ ಅಜ್ಜಿಯ ಪಾಲಿಗೆ, ನವಶಿಲಾಯುಗ ಪುಸ್ತಕದ ಪಾಲಿಗೆ ಹಂಚಿಹೋಗಿದ್ದವು.

ಇದನ್ನು ನೆನಪಿನ ಬರಹವಾಗಿ ಬರೆಯುವ ಉದ್ದೇಶ ನನಗಿಲ್ಲ. ಶಾಲೆಯ ಇತಿಹಾಸ ಪುಸ್ತಕವನ್ನು ಒಂದು ಕೃತಿಯಂತೆ ಓದಿ ನೋಡಬೇಕೆಂದು ಇತ್ತೀಚೆಗೆ ಅನ್ನಿಸಿದೆ. ಕಾದಂಬರಿಯ ನಿರೂಪಕ ಯಾರು, ಅವನಿಗೆ ಇದೆಲ್ಲ ಹೇಗೆ ಗೊತ್ತು, ಅವನನ್ನು ಎಷ್ಟು ನಂಬಬಹುದು ಎಂದು ನಾವು ಚರ್ಚೆ ಮಾಡುತ್ತೇವೆ. ನಾಡಿನಲ್ಲಿ ಯಾವ ಕಾದಂಬರಿಗೂ ಇಲ್ಲದಷ್ಟು ಓದುಗರಿರುವ ಪಠ್ಯಪುಸ್ತಕಕ್ಕೆ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಅದರಲ್ಲಿ ಯಾವ ರಾಜ ಇದ್ದಾನೆ, ಯಾರನ್ನು ಬಿಟ್ಟರು ಎಂಬ ಜಗಳ ಬೇಕಾದಷ್ಟು ನಡೆದಿದೆ. ಅದು ಯಾವ ದನಿಯಲ್ಲಿ ಮಾತಾಡುತ್ತದೆ ಎಂಬ ಮಾತು ಬಂದಿದ್ದು ಕಡಿಮೆ.

ಮತ್ತೆ ದಿಬ್ಬಕ್ಕೆ ಬರುತ್ತೇನೆ. 19ನೇ ಶತಮಾನದ ಮೊದಲರ್ಧದಲ್ಲಿ ಬಳ್ಳಾರಿ ಕಡೆ ಓಡಾಡಿದ ಬ್ರಿಟಿಷ್ ಸೇನೆಯ ಅಧಿಕಾರಿ ನ್ಯೂಬೋಲ್ಡ್ ಈ ದಿಬ್ಬಗಳನ್ನು ನೋಡಿ ಬರೆದ. ಹಿಡಿಂಬಾಸುರನ ಕತೆಯನ್ನೂ ಊರವರಿಂದ ಕೇಳಿ ದಾಖಲಿಸಿದ. ಆಮೇಲೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಂದ. ದಿಬ್ಬಗಳಲ್ಲಿ ಕಲ್ಲಿನ ಕೊಡಲಿ, ಮಡಕೆ ಚೂರು ಸಿಗುವುದನ್ನು ಗಮನಿಸಿ, ಇದು ನವಶಿಲಾಯುಗದವರ ಸಗಣಿಯ ಬೂದಿ ಎಂದ. ಎಲ್ಲರೂ ಒಪ್ಪಲಿಲ್ಲ. ಹೆಣ ಸುಟ್ಟ ಜಾಗವೆಂದವರಿದ್ದರು, ಕುಲುಮೆಯ ಕಿಟ್ಟವೆಂದವರಿದ್ದರು. 1957ರಲ್ಲಿ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ಒಂದು ದಿಬ್ಬವನ್ನು ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಸಿಕ್ಕವು. ಸುತ್ತ ಬೇಲಿಗೆಂದು ನೆಟ್ಟ ಕಂಬಗಳ ಗುಳಿಗಳು ಸಿಕ್ಕವು. ಅಲ್ಲಿಗೆ ಅದು ದನದ ದೊಡ್ಡಿ ಎಂಬುದು ಖಾತ್ರಿಯಾಯಿತು. ಆದರೆ ಅಷ್ಟು ಸಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದೇಕೆ? ವರ್ಷಕ್ಕೊಮ್ಮೆ ದನಗಳ ಹಬ್ಬದಲ್ಲಿ ಬೆಂಕಿ ಹಾಕುತ್ತಿದ್ದಿರಬಹುದು ಎಂದು ಆಲ್ಚಿನ್ ಊಹಿಸಿದರು. ಸಂಕ್ರಾಂತಿಗೆ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಈ ಊಹೆ ಒಪ್ಪಿಗೆಯಾಗುವಂತಿದೆ, ಆದರೂ ಅದು ಊಹೆಯೇ. ಮುಂದೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನದಲ್ಲಿ ದಿಬ್ಬದ ಪಕ್ಕದಲ್ಲೇ ಜನ ವಾಸವಿದ್ದ ನೆಲೆಯೂ, ಪ್ರಾಣಿಗಳನ್ನು ಕಡಿದು ಮಾಂಸ ಮಾಡುತ್ತಿದ್ದ ಜಾಗವೂ ಸಿಕ್ಕವು. ದೊಡ್ಡಿಯ ಚಿತ್ರಕ್ಕೆ ಊರೂ ಸೇರಿತು.

ಈಗ ಭಾಷೆಯನ್ನು ನೋಡಿ. ಅಜ್ಜಿ "ಸುಟ್ಟನಂತೆ" ಎಂದಳು. ಆ 'ಅಂತೆ'ಯಲ್ಲಿ ಒಂದು ಪ್ರಾಮಾಣಿಕತೆಯಿದೆ. ನಾನು ಕಂಡಿದ್ದಲ್ಲ, ಕೇಳಿದ್ದು ಎಂಬುದನ್ನು ಅದು ಕ್ರಿಯಾಪದಕ್ಕೇ ಅಂಟಿಸಿ ಹೇಳುತ್ತದೆ. ಪುರಾತತ್ತ್ವದ ಭಾಷೆ ಬೇರೆ. ಅದಕ್ಕೆ ಇದ್ದಿರಬಹುದು, ಇದ್ದಿರಬೇಕು, ಇತ್ತು ಎಂಬ ಮೆಟ್ಟಿಲುಗಳಿವೆ. ದನ ಇಲ್ಲಿ ನಿಂತಿತ್ತು, ಗೊರಸಿನ ಗುರುತು ಇದೆ. ಬೇಲಿ ಇದ್ದಿರಬೇಕು, ಗುಳಿಗಳು ಸಾಲಾಗಿವೆ. ಹಬ್ಬ ಇದ್ದಿರಬಹುದು. ಯಾವ ಮೆಟ್ಟಿಲಲ್ಲಿ ನಿಂತಿದ್ದೇನೆ ಎಂದು ಹೇಳುವುದೇ ಆ ವಿದ್ಯೆಯ ಶಿಸ್ತು. ಪಠ್ಯಪುಸ್ತಕಕ್ಕೆ ಗೊತ್ತಿರುವುದು ಒಂದೇ ಮೆಟ್ಟಿಲು, 'ಇತ್ತು'. ಅಜ್ಜಿಯ 'ಅಂತೆ'ಯನ್ನು ಅದು ಮೂಢನಂಬಿಕೆಯೆಂದು ಕಳೆದುಹಾಕಿತು, ಆ ಜಾಗದಲ್ಲಿ ಗೊರಸಿನ ಗುರುತನ್ನು ತಂದಿಡಲಿಲ್ಲ. ಹೀಗಾಗಿ ಮಗುವಿಗೆ ಸಿಕ್ಕಿದ್ದು 'ಅಂತೆ'ಯನ್ನು ಅಳಿಸಿದ ಇನ್ನೊಂದು ಅಂತೆಕಂತೆ. ಅಜ್ಜಿಯ ಕತೆಯಾದರೂ ಕಣ್ಣೆದುರಿನ ದಿಬ್ಬದ ಬಗ್ಗೆ ಎದ್ದ ಪ್ರಶ್ನೆಗೆ ಕೊಟ್ಟ ಉತ್ತರವಾಗಿತ್ತು. ಪುಸ್ತಕದ್ದು ಯಾರೂ ಕೇಳದ ಪ್ರಶ್ನೆಗೆ ಬಂದ ಉತ್ತರ.

ಪುಸ್ತಕದಲ್ಲಿ 'ಆಧಾರಗಳು' ಎಂಬ ಪಾಠವೇ ಇದೆಯಲ್ಲ ಎಂದು ಕೇಳಬಹುದು. ಇದೆ. ನಾನು ಓದಿದ ಪುಸ್ತಕದಲ್ಲೂ ಇತ್ತು, ಈಗ ಅಕ್ಕನ ಮಗಳು ಓದುವ ಪುಸ್ತಕದಲ್ಲೂ ಇದೆ. ಸಾಹಿತ್ಯಿಕ ಆಧಾರ, ಪುರಾತತ್ತ್ವ ಆಧಾರ, ದೇಶೀಯ, ವಿದೇಶೀಯ ಎಂದು ಕವಲು ಕವಲಾಗಿ ಪಟ್ಟಿ ಬರುತ್ತದೆ. ನಾಣ್ಯ, ಶಾಸನ, ಸ್ಮಾರಕ ಎಂದು ಹೆಸರುಗಳು ಬರುತ್ತವೆ. ಆ ಪಾಠ ಮುಗಿದ ಮೇಲೆ ಆಧಾರಗಳಿಗೆ ಕೆಲಸವಿಲ್ಲ. ಮುಂದಿನ ಪಾಠಗಳಲ್ಲಿ ರಾಜರು ತಾವಾಗಿಯೇ ಬರುತ್ತಾರೆ, ಆಳುತ್ತಾರೆ, ಹೋಗುತ್ತಾರೆ. ಅಡುಗೆಮನೆಯ ಪಾತ್ರೆಗಳ ಪಟ್ಟಿ ಓದಿಸಿ, ಒಲೆ ಹಚ್ಚದೆ ಊಟ ಬಡಿಸಿದ ಹಾಗೆ.

ಅಶೋಕನ ಪಾಠದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಶೋಕನ ಹೆಸರು ಇರುವ ಶಾಸನ ಯಾವುದು? ಮಸ್ಕಿ. ಇದು ಒಂದು ಅಂಕದ ಪ್ರಶ್ನೆ, ನಮ್ಮಲ್ಲಿ ಬಹಳ ಮಂದಿಗೆ ಈಗಲೂ ನೆನಪಿದೆ. ಹೆಸರಿದ್ದರೆ ಏನು ವಿಶೇಷ ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದಾಗ ಅವನಿಗೆ ಸಿಕ್ಕಿದ್ದು ದೇವಾನಾಂಪಿಯ ಪಿಯದಸಿ ಎಂಬ ರಾಜ. ಇವನು ಯಾರು? ಲಂಕೆಯ ಒಬ್ಬ ರಾಜನಿರಬೇಕೆಂದು ಪ್ರಿನ್ಸೆಪ್ ಮೊದಲು ಅಂದಾಜು ಮಾಡಿದ, ಅದು ತಪ್ಪಾಯಿತು. ಲಂಕೆಯ ಪಾಲಿ ಗ್ರಂಥಗಳನ್ನು ಬಲ್ಲ ಜಾರ್ಜ್ ಟರ್ನರ್, ಪಿಯದಸಿ ಎಂಬುದು ಅಶೋಕನ ಇನ್ನೊಂದು ಹೆಸರು ಎಂದು ತೋರಿಸಿದ. ಅಂದರೆ ಬಂಡೆಯ ಮೇಲಿನ ರಾಜ ಅಶೋಕನೇ ಎಂಬ ಮಾತು ಮುಖ್ಯವಾಗಿ ಅವನ ಕಾಲಕ್ಕಿಂತ ಎಷ್ಟೋ ಶತಮಾನಗಳ ಮೇಲೆ, ಸಮುದ್ರದಾಚೆ ರಚನೆಯಾದ ಗ್ರಂಥಗಳ ಬಲದ ಮೇಲೆ ನಿಂತಿತ್ತು. 1915ರಲ್ಲಿ, ಆಗ ನಿಜಾಮರ ಸೀಮೆಯಾಗಿದ್ದ ಮಸ್ಕಿಯಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಸಿ. ಬೀಡನ್ ಒಂದು ಬಂಡೆಬರಹವನ್ನು ಕಂಡ. ಅದರಲ್ಲಿ ದೇವಾನಾಂಪಿಯ ಎಂಬ ಬಿರುದಿನ ಜೊತೆಯಲ್ಲೇ ಅಶೋಕ ಎಂಬ ಹೆಸರು ಕೆತ್ತಿತ್ತು. 78 ವರ್ಷಗಳ 'ಇರಬೇಕು' ಅಂದು 'ಇತ್ತು' ಆಯಿತು. ಆ ಹೆಸರು ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲೂ, ನಮ್ಮ ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳಗಳಲ್ಲೂ ಸಿಕ್ಕಿದ್ದರಿಂದ ಆ ಒಂದು ಅಂಕದ ಉತ್ತರವನ್ನೂ ಈಗ ತಿದ್ದಬೇಕು.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆಮಾಡಿದರು. ಪುಸ್ತಕದಲ್ಲಿ ಅದು ಅಲ್ಪವಿರಾಮಗಳ ನಡುವಿನ ಒಂದು ಹೆಸರು. ಬಂಡೆಯಲ್ಲಿ ಇರುವುದು ಹೀಗೆ: ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ರಾಜನ ಮಾತನ್ನು ತಿಳಿಸುತ್ತಾರೆ. ಸರ್ಕಾರಿ ಪತ್ರದ ಒಕ್ಕಣೆ. ಸುವರ್ಣಗಿರಿ ಯಾವುದು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಬರೆದಿದ್ದಾನೆ, ಆದರೆ ಲಿಪಿಕಾರ ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ದೂರದ ಗಾಂಧಾರದ ಕಡೆ. ಅವನು ಆ ಸೀಮೆಯವನೇ ಇದ್ದಿರಬೇಕು, ಅಥವಾ ಅಲ್ಲಿ ವಿದ್ಯೆ ಕಲಿತವನು. ಮೊಳಕಾಲ್ಮೂರು ಕಡೆಯ ಬಂಡೆಯೊಂದರ ಮುಂದೆ ಕೂತು, ಇಲ್ಲಿ ಯಾರಿಗೂ ಓದಲು ಬಾರದ ತನ್ನ ಕಡೆಯ ಅಕ್ಷರದಲ್ಲಿ ಒಂದು ಪದ ಬರೆದ. ಮೌರ್ಯ ಸಾಮ್ರಾಜ್ಯ ಎಷ್ಟು ದೊಡ್ಡದಿತ್ತು ಎಂದು ನಕ್ಷೆಯಲ್ಲಿ ಬಣ್ಣ ತುಂಬಿಸುವುದಕ್ಕಿಂತ ಈ ಒಂದು ಪದವನ್ನು ತೋರಿಸಿದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ.

ಪಠ್ಯಪುಸ್ತಕದ ಭಾಷೆಯಲ್ಲಿ ಇಲ್ಲದಿರುವ ಇನ್ನೊಂದು ವಸ್ತು ತಪ್ಪು. ಅಲ್ಲಿ ಯಾವ ವಿದ್ವಾಂಸನೂ ತಪ್ಪು ಮಾಡುವುದಿಲ್ಲ. ಇದೇ ಬ್ರಹ್ಮಗಿರಿಯಲ್ಲಿ ಮೈಸೂರಿನ ಎಂ.ಎಚ್. ಕೃಷ್ಣ ಅವರು ಅಗೆದ ಮೇಲೆ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ಕಲ್ಲಿನ ಕೊಡಲಿಯವರು, ಬೃಹತ್ ಶಿಲಾಗೋರಿಯವರು, ಆಮೇಲೆ ಸಾತವಾಹನರ ಕಾಲದವರು ಎಂಬ ಅನುಕ್ರಮವನ್ನು ಮಣ್ಣಿನ ಪದರಗಳಲ್ಲಿ ತೋರಿಸಿದ್ದು ದೊಡ್ಡ ಕೆಲಸ. ಆದರೆ ಕಲ್ಲಿನ ಕೊಡಲಿಯ ಜನರನ್ನು ಅವರು ಕ್ರಿ.ಪೂ. ಮೊದಲ ಸಹಸ್ರಮಾನಕ್ಕೆ ಸೇರಿಸಿದರು. ಇಂಗಾಲದ ಕಾಲನಿರ್ಣಯ ಬಂದ ಮೇಲೆ ದಕ್ಷಿಣದ ನವಶಿಲಾಯುಗದ ಆರಂಭ ಸಾವಿರ ವರ್ಷಕ್ಕೂ ಹೆಚ್ಚು ಹಿಂದೆ ಸರಿದು ಮೂರನೇ ಸಹಸ್ರಮಾನ ಮುಟ್ಟಿತು. ಮೊಹೆಂಜೊದಾರೊದ ಬೀದಿ, ಮನೆಗಳಲ್ಲಿ ಸಿಕ್ಕ ಅಸ್ಥಿಪಂಜರಗಳನ್ನು ನೋಡಿ, ಆರ್ಯರ ದಾಳಿಯಲ್ಲಿ ಸತ್ತವರು ಇವರು ಎಂದು ಹೇಳಿದವರೂ ಇದೇ ವೀಲರ್. 1964ರಲ್ಲಿ ಜಾರ್ಜ್ ಡೇಲ್ಸ್, ಆ ಅಸ್ಥಿಗಳು ಒಂದೇ ಕಾಲದ ಪದರಕ್ಕೆ ಸೇರಿದವಲ್ಲ, ಅಲ್ಲಿ ಹತ್ಯಾಕಾಂಡ ನಡೆದದ್ದಕ್ಕೆ ಪುರಾವೆ ಇಲ್ಲ ಎಂದು ತೋರಿಸಿದರು. ವೀಲರ್ ಇದರಿಂದ ಸಣ್ಣವರಾಗುವುದಿಲ್ಲ. ಪದರಗಳನ್ನು ಬರೆದಿಟ್ಟುಕೊಂಡು ಅಗೆಯಬೇಕೆಂದು ಒಂದು ತಲೆಮಾರಿನ ಪುರಾತತ್ತ್ವಜ್ಞರಿಗೆ ಇಲ್ಲಿ ಪಟ್ಟು ಹಿಡಿದು ಕಲಿಸಿದವರೇ ಅವರು. ಪದರಗಳ ಲೆಕ್ಕವಿದ್ದರೆ ತಾನೇ ಅವರ ಮಾತನ್ನೂ ಪರೀಕ್ಷಿಸಲು ಸಾಧ್ಯ.

ಇದು ಮಕ್ಕಳಿಗೆ ಗೊತ್ತಾಗದಿದ್ದರೆ ನಷ್ಟವೇನು? ನಷ್ಟ ದೊಡ್ಡದೇ. ಇತಿಹಾಸ ಬದಲಾಗಲು ಎರಡು ಕಾರಣಗಳಿವೆ. ಹೊಸ ಪುರಾವೆ ಸಿಕ್ಕರೆ ಬದಲಾಗುತ್ತದೆ, ಸರ್ಕಾರ ಬದಲಾದರೂ ಬದಲಾಗುತ್ತದೆ. 1977ರಲ್ಲಿ ಬಂದ ಆರ್.ಎಸ್. ಶರ್ಮಾ ಅವರ ಹನ್ನೊಂದನೇ ತರಗತಿಯ 'ಏನ್ಷಿಯಂಟ್ ಇಂಡಿಯಾ' ಪುಸ್ತಕವನ್ನು ಮರುವರ್ಷವೇ ಕೈಬಿಡಲಾಯಿತು. ಅದಾದ ಮೇಲೂ ಪಠ್ಯ ಪರಿಷ್ಕರಣೆಯ ಗಲಾಟೆಗಳು ನಿಂತಿಲ್ಲ. ಮೊದಲನೆಯ ಬಗೆಯ ಬದಲಾವಣೆಯನ್ನು ಒಮ್ಮೆಯೂ ಕಾಣದೆ ಬೆಳೆದ ವಿದ್ಯಾರ್ಥಿಗೆ ಎಲ್ಲ ಬದಲಾವಣೆಯೂ ಎರಡನೆಯ ಬಗೆಯದಾಗಿಯೇ ಕಾಣುತ್ತದೆ. 'ಅವರು ಅವರಿಗೆ ಬೇಕಾದ್ದು ಬರೆದರು, ಇವರು ಇವರಿಗೆ ಬೇಕಾದ್ದು ಬರೆಯಲಿ' ಎಂಬ ಮಾತು ಹುಟ್ಟುವುದು ಇಲ್ಲಿಂದ. ವಾಟ್ಸಾಪಿನಲ್ಲಿ ಬರುವ ಇತಿಹಾಸ ಅಷ್ಟು ಸುಲಭವಾಗಿ ನಂಬಿಕೆ ಗಳಿಸುವುದಕ್ಕೂ ಇದು ಒಂದು ಕಾರಣ. ಅದು ಮಾತಾಡುವುದೂ ಪಠ್ಯಪುಸ್ತಕದ ದನಿಯಲ್ಲೇ. ಆ ದನಿಯನ್ನು ಪ್ರಶ್ನೆ ಕೇಳದೆ ನಂಬುವುದನ್ನು ಹತ್ತು ವರ್ಷ ಕೂರಿಸಿ ಕಲಿಸಿದವರು ನಾವು.

ಪುಸ್ತಕ ಬರೆಯುವವರ ಕಷ್ಟ ನನಗೆ ಅರ್ಥವಾಗುತ್ತದೆ. ಇಷ್ಟು ಪುಟದಲ್ಲಿ ಇಷ್ಟು ಶತಮಾನ ಮುಗಿಸಬೇಕು, ಪರೀಕ್ಷೆಗೆ ಪ್ರಶ್ನೆ ಹುಟ್ಟಬೇಕು. ಸಣ್ಣ ಮಕ್ಕಳಿಗೆ ಅನುಮಾನ ಕಲಿಸಿದರೆ ಗೊಂದಲವಾಗುತ್ತದೆ ಎಂಬ ಆಕ್ಷೇಪವೂ ಇದೆ. ಆದರೆ ಅದೇ ತರಗತಿಯ ವಿಜ್ಞಾನದಲ್ಲಿ ಲಿಟ್ಮಸ್ ಕಾಗದ ಕೆಂಪಾದದ್ದನ್ನು ಮಗು ತಾನೇ ನೋಡಿ ಇದು ಆಮ್ಲ ಎನ್ನುತ್ತದೆ, ಗೊಂದಲವೇನೂ ಆಗುವುದಿಲ್ಲ. 2007ರಲ್ಲಿ ಎನ್‌ಸಿಇಆರ್‌ಟಿ ಹನ್ನೆರಡನೇ ತರಗತಿಗೆ ತಂದ ಇತಿಹಾಸ ಪುಸ್ತಕ ಈ ದಾರಿಯಲ್ಲಿ ನಡೆಯಿತು. ಇಟ್ಟಿಗೆ, ಮಣಿ, ಮೂಳೆಗಳಿಂದ ಆರಂಭಿಸಿ, ಪುರಾತತ್ತ್ವಜ್ಞರು ಯಾವುದರಿಂದ ಏನನ್ನು ಊಹಿಸುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನೂ ಪಾಠದೊಳಗೇ ತಂದಿತು. ಆದರೆ ನಮ್ಮ ಬಹುಪಾಲು ಮಕ್ಕಳು ಹತ್ತನೇ ತರಗತಿಗೇ ಇತಿಹಾಸಕ್ಕೆ ಕೈಮುಗಿಯುತ್ತಾರೆ. ಅವರು ಆ ಬಾಗಿಲವರೆಗೆ ಬರುವುದೇ ಇಲ್ಲ. ಇಡೀ ಪುಸ್ತಕ ಹಾಗಿರಬೇಕೆಂದು ನಾನು ಕೇಳುತ್ತಿಲ್ಲ. ಪಾಠಕ್ಕೊಂದು ಗೊರಸಿನ ಗುರುತು ಸಾಕು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗಳು ಪರೀಕ್ಷೆಗೆ ಓದುತ್ತಿದ್ದಳು. ಅವಳ ಪುಸ್ತಕದ ಒಂದು ಪುಟ ತೆಗೆದು, ಪ್ರತಿ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ 'ಹೇಗೆ ಗೊತ್ತು?' ಎಂದು ಬರೆಯಲು ಹೇಳಿದೆ. ಹನ್ನೊಂದು ಪ್ರಶ್ನೆಗಳಾದವು. ನಾಲ್ಕಕ್ಕೆ ನಾನು ಉತ್ತರ ಹೇಳಿದೆ, ಉಳಿದವಕ್ಕೆ ನನಗೂ ಬರಲಿಲ್ಲ. "ಮಾಮ, ಇದು ಪರೀಕ್ಷೆಗೆ ಬರಲ್ಲ" ಎಂದಳು. ಬರುವುದಿಲ್ಲ, ನಿಜ. ಸಂಜೆ ಅವಳನ್ನು ದಿಬ್ಬಕ್ಕೆ ಕರೆದುಕೊಂಡು ಹೋದೆ. ನಮ್ಮಂಥವರ ಬಂಡಿಗಳೂ ಆಮೇಲೆ ಬಂದ ಟ್ರ್ಯಾಕ್ಟರುಗಳೂ ಸೇರಿ ಅದರ ಮುಕ್ಕಾಲು ಪಾಲನ್ನು ಹೊಲಕ್ಕೆ ಹೇರಿಯಾಗಿತ್ತು. ಉಳಿದ ಮೂಲೆಯಲ್ಲಿ, ಕಡಿದ ಗೋಡೆಯಂಥ ಜಾಗದಲ್ಲಿ, ಬಿಳಿ ಮತ್ತು ಕಪ್ಪು ಬೂದಿಯ ಪದರಗಳು ಒಂದರ ಮೇಲೊಂದು ಕಾಣುತ್ತಿದ್ದವು. ಅವಳು ಬೆರಳಿಟ್ಟು ಎಣಿಸತೊಡಗಿದಳು. ಒಂಬತ್ತರವರೆಗೆ ಎಣಿಸಿ, "ಇಷ್ಟು ಸಲ ಸುಟ್ಟಿದ್ದಾರಾ?" ಎಂದು ಕೇಳಿದಳು.

"ಇರಬಹುದು" ಎಂದೆ.