ಬೆಣೆ ಇಲ್ಲದ ಗರಗಸ

ಬೆಂಗಳೂರಾಗಲಿ ಹುಬ್ಬಳ್ಳಿಯಾಗಲಿ, ಹೊಸ ಮನೆಗೆ ವಾರ್ಡ್‌ರೋಬು, ಅಡುಗೆಮನೆ ಕಪಾಟು ಮಾಡಿಸುತ್ತಿರುವ ಕಡೆ ಒಮ್ಮೆ ಇಣುಕಿ ನೋಡಿ. ಹಾಲಿನ ನಡುವೆ ಪ್ಲೈವುಡ್ಡಿನ ಒಂದು ಮೇಜು ಇರುತ್ತದೆ. ಅದರ ಅಡಿಗೆ ನಾಲ್ಕಿಂಚಿನ ಮಾರ್ಬಲ್ ಕಟರನ್ನು ತಲೆಕೆಳಗು ಮಾಡಿ ಸ್ಕ್ರೂ ಬಿಗಿದಿರುತ್ತಾರೆ. ಮೇಜಿನ ಸೀಳಿನಿಂದ ಬ್ಲೇಡು ಎದ್ದು ನಿಂತಿರುತ್ತದೆ. ಗಾರ್ಡು ಮೊದಲ ದಿನವೇ ಕಳಚಿ ಮೂಲೆ ಸೇರಿದೆ. ಸ್ವಿಚ್ಚು ಸದಾ ಒತ್ತಿಯೇ ಇರುವಂತೆ ಲಾಕ್ ಆಗಿದೆ. ಓಡಿಸುವುದೂ ನಿಲ್ಲಿಸುವುದೂ ಗೋಡೆಯ ಪ್ಲಗ್ಗಿನಲ್ಲಿ. ಪ್ಲಗ್ಗೂ ಇಲ್ಲದ ಕಡೆ ಎರಡು ತಂತಿ, ಅವನ್ನು ಸಾಕೆಟ್ಟಿನಲ್ಲಿ ಹಿಡಿದಿಡಲು ಎರಡು ಬೆಂಕಿಕಡ್ಡಿ. ನಮ್ಮಲ್ಲಿ ಟೇಬಲ್ ಸಾ ಎಂದು ಹೆಚ್ಚಾಗಿ ಓಡುತ್ತಿರುವುದು ಇದೇ.

ಕಾರ್ಪೆಂಟರುಗಳ ಈ ಏರ್ಪಾಟು ಈಗ ಹವ್ಯಾಸಿಗಳ ಮನೆಗೂ ಬಂದಿದೆ. ರಜೆಯ ದಿನ ತಾರಸಿಯಲ್ಲೋ ಕಾರ್ ಶೆಡ್ಡಿನಲ್ಲೋ ಪುಸ್ತಕದ ಶೆಲ್ಫು, ಮಕ್ಕಳ ಮೇಜು ಮಾಡಿಕೊಳ್ಳುವ ಇಂಜಿನಿಯರುಗಳು, ಮೇಷ್ಟ್ರುಗಳು, ನಿವೃತ್ತರು ವೀಡಿಯೊ ನೋಡಿ ಇದನ್ನೇ ಕಟ್ಟಿಕೊಳ್ಳುತ್ತಿದ್ದಾರೆ. 'ಅರ್ಧ ದಿನದಲ್ಲಿ ಟೇಬಲ್ ಸಾ' ಎಂಬ ಮಾದರಿಯ ವೀಡಿಯೊಗಳ ಕೊನೆಗೆ 'ಹುಷಾರಾಗಿ ಕೆಲಸ ಮಾಡಿ' ಎಂಬ ಒಂದು ಸಾಲು ಬರುತ್ತದೆ. ನನ್ನ ತಕರಾರು ಆ ಸಾಲಿನ ಮೇಲೆಯೇ. ಟೇಬಲ್ ಸಾ ಎದುರಿನ ಸುರಕ್ಷತೆಯನ್ನು ಪೂರ್ತಿ ಮನುಷ್ಯನ ಹುಷಾರಿಗೆ ಬಿಟ್ಟರೆ ಮೆಶಿನ್ನು ಮಾಡಬೇಕಾದ ಕೆಲಸ ಹಾಗೇ ಉಳಿಯುತ್ತದೆ. ಈ ಗರಗಸವನ್ನು ಅಳೆಯಬೇಕಾದದ್ದು ಆ ಕೆಲಸವನ್ನು ಅದು ಎಷ್ಟು ಮಾಡುತ್ತದೆ ಎಂಬುದರಿಂದ.

ಮೊದಲು ಇದಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸೋಣ. ಕಟರು ಅಗ್ಗ. ಬೈಕಿನ ಮೇಲೆ ಒಯ್ಯಬಹುದು. ಕಾರ್ಬನ್ ಬ್ರಷ್ ಸವೆದರೆ ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಹೊಸದು ಸಿಗುತ್ತದೆ. ಒಳ್ಳೆಯ ಟೇಬಲ್ ಸಾ ಕೊಳ್ಳಲು ಇದರ ಹತ್ತು ಪಟ್ಟೋ ಅದಕ್ಕಿಂತ ಹೆಚ್ಚೋ ತೆರಬೇಕು. ದಿನಗೂಲಿಯ ಲೆಕ್ಕದಲ್ಲಿ ಬದುಕುವ ಕಾರ್ಪೆಂಟರು ಇದನ್ನು ಕಂಡುಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಇದರ ಮೇಲೆ ಅವರು ಎಂಟಡಿ ಹಲಗೆಯಿಂದ ಬೀಡಿಂಗ್ ಪಟ್ಟಿಗಳನ್ನು ನೂಲು ಹಿಡಿದಂತೆ ಸೀಳುವುದನ್ನು ಕಂಡವರು ಮೆಚ್ಚಲೇಬೇಕು. ಆದರೆ ಆ ಕೈಗಳ ಹಿಂದೆ ವರ್ಷಗಳ ಅಭ್ಯಾಸವಿದೆ. ಹವ್ಯಾಸಿ ನಕಲು ಮಾಡುವುದು ಮೇಜನ್ನು ಮಾತ್ರ, ಕೈಯನ್ನಲ್ಲ. ಅಷ್ಟು ಪಳಗಿದವರಲ್ಲೂ ಗಿಡ್ಡ ಬೆರಳಿನವರು ಅಪರೂಪವಲ್ಲ ಎಂಬುದನ್ನೂ ಗಮನಿಸಬೇಕು.

ಈಗ ಮೆಶಿನ್ನಿಗೆ ಬರೋಣ. ಮಾರ್ಬಲ್ ಕಟರು ಹುಟ್ಟಿದ್ದು ಕಲ್ಲು, ಟೈಲ್ಸ್ ಕತ್ತರಿಸಲು. ಅದರ ಡೈಮಂಡ್ ಬ್ಲೇಡಿಗೆ ಹಲ್ಲಿಲ್ಲ. ಅದು ಕಲ್ಲನ್ನು ಸವೆಸುತ್ತಾ ಹೋಗುತ್ತದೆ, ಕಚ್ಚಿ ಎಳೆಯುವುದಿಲ್ಲ. ಅದೇ ಜಾಗಕ್ಕೆ ನಲವತ್ತು ಹಲ್ಲಿನ ಮರದ ಬ್ಲೇಡು ಹಾಕಿದಾಗ ಕಥೆ ಬೇರೆಯಾಗುತ್ತದೆ. 110 ಮಿಲಿಮೀಟರ್ ವ್ಯಾಸದ ಈ ಬ್ಲೇಡು ನಿಮಿಷಕ್ಕೆ ಹದಿಮೂರು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅಂಚಿನ ಹಲ್ಲು ಓಡುವ ವೇಗವನ್ನು ಲೆಕ್ಕ ಹಾಕಿದರೆ ಗಂಟೆಗೆ 270 ಕಿಲೋಮೀಟರ್. ಚಿಕ್ಕ ಬ್ಲೇಡು, ಹಾಗಾಗಿ ಅಪಾಯವೂ ಚಿಕ್ಕದು ಎಂಬುದು ಭ್ರಮೆ. ಹತ್ತಿಂಚಿನ ದೊಡ್ಡ ಟೇಬಲ್ ಸಾ 4,800 ಸುತ್ತಿನಲ್ಲಿ ಓಡಿದರೂ ಅದರ ಹಲ್ಲಿನ ವೇಗ ಗಂಟೆಗೆ 230 ಕಿಲೋಮೀಟರ್ ಮಾತ್ರ. ಏನೋ ಎಡವಟ್ಟಾಯಿತು ಎಂದು ಕಣ್ಣು ಕಂಡು ಕೈ ಹಿಂದೆ ಸರಿಯಲು ಸೆಕೆಂಡಿನ ಐದರಲ್ಲೊಂದು ಭಾಗವಾದರೂ ಬೇಕು. ಅಷ್ಟರಲ್ಲಿ ಈ ಬ್ಲೇಡು ನಲವತ್ತಮೂರು ಸುತ್ತು ಹಾಕಿರುತ್ತದೆ. ಸಾವಿರದ ಏಳುನೂರಕ್ಕೂ ಹೆಚ್ಚು ಹಲ್ಲುಗಳು ಅದೇ ಜಾಗವನ್ನು ದಾಟಿ ಹೋಗಿರುತ್ತವೆ. ಹುಷಾರು ಎಂಬ ಗುಣ ಎಷ್ಟೇ ದೊಡ್ಡದಿದ್ದರೂ ಈ ಲೆಕ್ಕದೆದುರು ನಿಲ್ಲುವುದಿಲ್ಲ.

ಎರಡನೆಯದು ಬ್ಲೇಡಿನ ಎತ್ತರ. ಟೇಬಲ್ ಸಾದಲ್ಲಿ ಒಂದು ಚಕ್ರವಿದೆ. ಮರದ ದಪ್ಪಕ್ಕೆ ತಕ್ಕಂತೆ ಬ್ಲೇಡನ್ನು ಏರಿಸಿ ಇಳಿಸಬಹುದು. ಹಲ್ಲುಗಳ ನಡುವಿನ ಗುಳಿ ಮರದ ಮೇಲ್ಮೈಯನ್ನು ತುಸು ದಾಟಿದರೆ ಸಾಕು. ತಲೆಕೆಳಗಿನ ಕಟರಿಗೆ ಈ ಅನುಕೂಲವಿಲ್ಲ. ಸುಮಾರು 34 ಮಿಲಿಮೀಟರ್ ಆಳ ಕತ್ತರಿಸುವ ಮೆಶಿನ್ನನ್ನು 12 ಮಿಲಿಮೀಟರ್ ಪ್ಲೈ ಅಡಿಗೆ ಕಟ್ಟಿದರೆ ಮೇಲೆ 22 ಮಿಲಿಮೀಟರ್ ಉಳಿಯುತ್ತದೆ. ಹದಿನೆಂಟರ ಪ್ಲೈಗೆ ಅದು ಸರಿ. ಕಪಾಟಿನ ಹಿಂಬದಿಗೆ ಹಾಕುವ ಆರು ಮಿಲಿಮೀಟರ್ ಹಾಳೆ ಕತ್ತರಿಸುವಾಗಲೂ ಬ್ಲೇಡು ಅಷ್ಟೇ ಎದ್ದಿರುತ್ತದೆ. ಹಾಳೆಯ ಮೇಲೆ 16 ಮಿಲಿಮೀಟರ್ ಬರಿಯ ಹಲ್ಲು.

ಮೂರನೆಯದು ಸ್ವಿಚ್ಚು. ನಮ್ಮೂರುಗಳಲ್ಲಿ ಕರೆಂಟು ಹೋಗುವುದು, ಬರುವುದು ಹೊಸದೇನಲ್ಲ. ಕೆಲಸದ ನಡುವೆ ಕರೆಂಟು ಹೋಯಿತು, ಮೇಜಿನ ಮೇಲೆ ಬಿದ್ದ ಚೂರುಗಳನ್ನು ಕೈಯಿಂದ ಸರಿಸುತ್ತಿದ್ದೀರಿ, ಕರೆಂಟು ಬಂತು. ಲಾಕ್ ಆದ ಕಟರು ತಾನೇ ಓಡತೊಡಗುತ್ತದೆ. ಒಳ್ಳೆಯ ಟೇಬಲ್ ಸಾಗಳಲ್ಲಿ ಕರೆಂಟು ಹೋದ ಕೂಡಲೇ ಬಿಟ್ಟುಕೊಳ್ಳುವ ಸ್ವಿಚ್ಚಿರುತ್ತದೆ. ಕರೆಂಟು ಮರಳಿದರೂ ಹಸಿರು ಗುಂಡಿ ಮತ್ತೆ ಒತ್ತಿದರೆ ಮಾತ್ರ ಮೆಶಿನ್ನು ಹೊರಡುತ್ತದೆ. ನಿಲ್ಲಿಸುವ ಕೆಂಪು ಗುಂಡಿ ದೊಡ್ಡದಾಗಿ ಎದುರಿಗೇ ಇರುತ್ತದೆ. ಕೈ ಬಿಡುವಿಲ್ಲದಿದ್ದರೆ ಮೊಣಕಾಲಿನಿಂದಲೇ ಒತ್ತಬಹುದು. ಗೋಡೆಯ ಬೆಂಕಿಕಡ್ಡಿ ಅಷ್ಟು ಹತ್ತಿರದಲ್ಲಿರುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕೊರತೆ ಬ್ಲೇಡಿನ ಹಿಂದಿದೆ. ಟೇಬಲ್ ಸಾದ ಅಪಾಯವೆಂದರೆ ಬೆರಳು ಬ್ಲೇಡಿಗೆ ತಾಗುವುದು ಎಂದಷ್ಟೇ ಹಲವರು ತಿಳಿದಿದ್ದಾರೆ. ಅನುಭವಸ್ಥರು ಅಷ್ಟೇ ಹೆದರುವುದು ಕಿಕ್‌ಬ್ಯಾಕಿಗೆ, ಅಂದರೆ ಮರ ತಿರುಗಿ ನಮ್ಮ ಮೇಲೇ ಹಾರುವುದಕ್ಕೆ. ನಮ್ಮ ಕಡೆಯ ಹಲ್ಲುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಮರವನ್ನು ಮೇಜಿಗೆ ಒತ್ತುತ್ತವೆ. ಹಿಂದಿನ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಏಳುತ್ತವೆ. ಸೀಳಿಕೊಂಡು ಹೋದ ಮರ ಆ ಹಿಂದಿನ ಹಲ್ಲುಗಳಿಗೆ ತಾಗಬಾರದು. ತಾಗಿದರೆ ಹಲ್ಲು ಅದನ್ನು ಎತ್ತಿ, ಬ್ಲೇಡಿನ ನೆತ್ತಿಯ ಮೇಲಿಂದ ನಮ್ಮ ಹೊಟ್ಟೆಯತ್ತಲೋ ಮುಖದತ್ತಲೋ ಎಸೆಯುತ್ತದೆ. ಹಲಗೆಯ ಹಿಂದೆಯೇ ತಳ್ಳುತ್ತಿದ್ದ ಕೈ ಹಿಡಿತ ತಪ್ಪಿ ಬ್ಲೇಡಿನ ಮೇಲೆ ಹೋಗುವುದೂ ಇದೇ ಗಳಿಗೆಯಲ್ಲಿ.

ಮರ ಯಾಕೆ ತಾಗುತ್ತದೆ? ಕಾಫಿ ತೋಟದ ಸಿಲ್ವರ್ ಓಕ್ ಹಲಗೆಯನ್ನು ಸರಿಯಾಗಿ ಒಣಗಿಸದೆ ಉದ್ದಕ್ಕೆ ಸೀಳಿ ನೋಡಿದವರಿಗೆ ಗೊತ್ತು. ಒಳಗಿನ ಬಿಗಿತ ಬಿಡುಗಡೆಯಾಗಿ ಎರಡು ಸೀಳುಗಳು ಒಂದರತ್ತ ಒಂದು ಬಾಗುತ್ತವೆ. ಗರಗಸ ಬಿಟ್ಟ ಹಾದಿ ಹಿಂದಿನಿಂದಲೇ ಮುಚ್ಚಿಕೊಳ್ಳುತ್ತದೆ. ಇದನ್ನು ತಡೆಯಲೆಂದೇ ಟೇಬಲ್ ಸಾದ ಬ್ಲೇಡಿನ ಬೆನ್ನಿಗೆ ಅಂಟಿದಂತೆ ಒಂದು ಉಕ್ಕಿನ ತಗಡು ಇರುತ್ತದೆ. ಅದೇ ರೈವಿಂಗ್ ನೈಫ್. ಬ್ಲೇಡಿನ ತಗಡಿಗಿಂತ ದಪ್ಪ, ಹಲ್ಲು ಕೊರೆದ ಹಾದಿಗಿಂತ ತೆಳು. ಬ್ಲೇಡು ಏರಿದರೆ ಅದೂ ಏರುತ್ತದೆ, ಓರೆಯಾದರೆ ಅದೂ ಓರೆಯಾಗುತ್ತದೆ. ಬ್ಲೇಡಿನ ನೆತ್ತಿಗಿಂತ ತಗ್ಗಿರುವುದರಿಂದ ಮರದಲ್ಲಿ ಗಾಡಿ, ಅಂದರೆ ತೋಡು, ಹೊಡೆಯುವಾಗಲೂ ಕಳಚಬೇಕಾಗಿಲ್ಲ. ಯೂರೋಪಿನ ಗರಗಸಗಳಲ್ಲಿ ದಶಕಗಳಿಂದ ಇರುವ ಇದು ಅಮೆರಿಕದ ಸಣ್ಣ ಟೇಬಲ್ ಸಾಗಳಲ್ಲಿ ಮಾಮೂಲಾದದ್ದು 2000ದ ದಶಕದ ಕೊನೆಗೆ.

ನಮ್ಮ ಮರ ಕೊಯ್ಯುವವರಿಗೆ ಈ ಅರಿವು ಹಳೆಯದು. ಇಬ್ಬರು ಹಿಡಿದೆಳೆಯುವ ಗರಗಸದಲ್ಲಿ ದಿಮ್ಮಿ ಸೀಳುವಾಗ ಹಾದಿ ಮುಚ್ಚಿಕೊಳ್ಳದಂತೆ ಅದರ ಬಾಯಿಗೆ ಬೆಣೆ ಬಡಿಯುತ್ತಿದ್ದರು. ಪಂಚತಂತ್ರದ ಕೋತಿ ಅರ್ಧ ಸೀಳಿದ ದಿಮ್ಮಿಯ ಮೇಲೆ ಕೂತು ಕಿತ್ತು ಪ್ರಾಣ ಕಳೆದುಕೊಂಡದ್ದು ಆ ಬೆಣೆಯನ್ನೇ. 1948ರ ಕಾರ್ಖಾನೆ ಕಾಯ್ದೆಯಡಿ ಬಂದ ಮರಗೆಲಸದ ನಿಯಮಗಳು ವೃತ್ತ ಗರಗಸದ ಹಿಂದೆ ರೈವಿಂಗ್ ನೈಫ್ ಇರಲೇಬೇಕೆಂದು ಕೇಳಿದ್ದವು. ಮನೆಯ ಶೆಡ್ಡು ಕಾರ್ಖಾನೆಯಲ್ಲ, ಹಾಗಾಗಿ ಅಲ್ಲಿ ಕೇಳುವವರಿಲ್ಲ. ತಲೆಕೆಳಗಿನ ಕಟರಿನಲ್ಲಿ ಈ ಬೆಣೆ ಇಲ್ಲವೇ ಇಲ್ಲ. ಬಡತನದ ನೆಪವೂ ಇಲ್ಲಿ ನಡೆಯುವುದಿಲ್ಲ. ಬ್ಲೇಡು ಏರಿಳಿಯದ ಮೇಜಾದ್ದರಿಂದ ಅದರ ಬೆನ್ನಿಗೆ, ಅದೇ ಗೆರೆಯಲ್ಲಿ, ಸರಿಯಾದ ದಪ್ಪದ ಒಂದು ಪಟ್ಟಿಯನ್ನು ಗಟ್ಟಿಯಾಗಿ ನೆಟ್ಟುಬಿಡಬಹುದು. ಗುಜರಿಯ ತಗಡು ಸಾಕು, ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಆದರೂ ನಾನು ಕಂಡ ಮೇಜುಗಳಲ್ಲಿ, ಕಂಡ ವೀಡಿಯೊಗಳಲ್ಲಿ ಇದು ಕಾಣುವುದಿಲ್ಲ. ಕೊರತೆ ಇರುವುದು ದುಡ್ಡಿಗಲ್ಲ, ತಿಳುವಳಿಕೆಗೆ.

ತಿಳುವಳಿಕೆಯ ಜಾಗದಲ್ಲಿ ಉಪದೇಶ ಕೂತಾಗ ಅದು ತಪ್ಪೂ ಆಗುತ್ತದೆ. 'ಗ್ಲೌಸ್ ಹಾಕಿಕೊಳ್ಳಿ' ಎಂಬ ಸಲಹೆ ಅಂಥದ್ದು. ತಿರುಗುವ ಬ್ಲೇಡಿಗೆ ಗ್ಲೌಸಿನ ಬಟ್ಟೆ ಸಿಕ್ಕರೆ ಬೆರಳಿನ ತುದಿಯಲ್ಲಿ ಮುಗಿಯಬಹುದಾಗಿದ್ದ ಗಾಯ ಅಂಗೈಯವರೆಗೆ ಎಳೆದುಕೊಳ್ಳುತ್ತದೆ. ಬರಿಗೈಯೇ ಸರಿ. ಅದೇ ಕಾರಣಕ್ಕೆ ಇಳಿಬಿದ್ದ ತೋಳು, ಮಣಿಕಟ್ಟಿನ ದಾರ, ಕಡಗ, ಹೆಗಲ ಮೇಲಿನ ಟವೆಲು ಬೇಡ. ಬೇಕಾದದ್ದು ಕಣ್ಣಿಗೆ ಕನ್ನಡಕ, ಕಿವಿಗೆ ಮಫ್, ಮೂಗಿಗೆ ಒಳ್ಳೆಯ ಮಾಸ್ಕು. ಮರದ ಪುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಯಂತ್ರವೇ ಹೊಣೆ ಹೊರಲಿ ಎಂಬ ವಾದದ ತುತ್ತತುದಿಯಲ್ಲಿ ಅಮೆರಿಕದ ಸಾಸ್ಟಾಪ್ ಗರಗಸ ಇದೆ. ಭೌತಶಾಸ್ತ್ರ ಓದಿದ ಪೇಟೆಂಟ್ ವಕೀಲ ಸ್ಟೀಫನ್ ಗ್ಯಾಸ್ 1999ರಲ್ಲಿ ಯೋಚಿಸಿದ ಉಪಾಯವಿದು. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಚರ್ಮ ತಾಗಿದರೆ ಅದು ಬದಲಾಗುತ್ತದೆ. ಆ ಕ್ಷಣವೇ ಅಲ್ಯೂಮಿನಿಯಂ ತುಂಡೊಂದು ಹಲ್ಲುಗಳಿಗೆ ನುಗ್ಗಿ ಬ್ಲೇಡನ್ನು ಸುಮಾರು ಐದು ಮಿಲಿಸೆಕೆಂಡಿನಲ್ಲಿ ನಿಲ್ಲಿಸುತ್ತದೆ. ಬೆರಳಿನ ಬದಲು ಸಾಸೇಜ್ ತಾಗಿಸಿ ಅವರು ತೋರಿಸಿದ ಪ್ರಯೋಗ ಜಗತ್ತಿನ ಬಡಗಿಗಳಿಗೆಲ್ಲ ಗೊತ್ತು. 2004ರಿಂದ ಈ ಗರಗಸ ಮಾರಾಟದಲ್ಲಿದೆ. ಅಮೆರಿಕದಲ್ಲಿ ಟೇಬಲ್ ಸಾ ಅವಘಡಗಳಲ್ಲಿ ಬೆರಳೋ ಕೈಯೋ ತುಂಡಾಗುವ ಪ್ರಕರಣಗಳು ವರ್ಷಕ್ಕೆ 4,000ದಷ್ಟು ಎಂಬ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜನ್ನು ಪಕ್ಕಕ್ಕಿಟ್ಟು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಆದರೂ ಇದನ್ನು ಎಲ್ಲ ಗರಗಸಗಳಿಗೆ ಕಡ್ಡಾಯ ಮಾಡಬೇಕೆಂಬ 2003ರ ಮನವಿ ಎರಡು ದಶಕ ಚರ್ಚೆಯಲ್ಲೇ ಉಳಿಯಿತು.

ಮೆಚ್ಚಬೇಕಾದ ಸಾಧನೆ ಇದು, ನಿಜ. ಮಿತಿಗಳೂ ಇವೆ. ಬ್ರೇಕು ಒಮ್ಮೆ ಬಡಿದರೆ ಅದರ ಕಾರ್ಟ್ರಿಜ್ಜೂ ಬ್ಲೇಡೂ ಹೊಸದಾಗಿ ಕೊಳ್ಳಬೇಕು. ತೀರಾ ಹಸಿ ಮರವೂ ಅದನ್ನು ಬಡಿಸಬಲ್ಲದು. ಮುಖ್ಯವಾಗಿ, ಅದು ತಡೆಯುವುದು ಬ್ಲೇಡಿಗೆ ತಾಗಿದ ಚರ್ಮದ ಗಾಯವನ್ನು. ಹಾರಿ ಬರುವ ಹಲಗೆಯನ್ನಲ್ಲ. ಅದಕ್ಕೇ ಆ ಗರಗಸದಲ್ಲೂ ರೈವಿಂಗ್ ನೈಫ್ ಇದೆ. ದುಬಾರಿ ಬ್ರೇಕಿಲ್ಲದೆಯೂ ಬೆಣೆಯಿರುವ ಗರಗಸದಲ್ಲಿ ಮರ್ಯಾದೆಯ ಕೆಲಸ ಸಾಧ್ಯ. ಬ್ರೇಕು ಬಂದ ಮೇಲೂ ಬೆಣೆ ಬೇಕು.

ಬೆಣೆಯಿರುವ ಒಳ್ಳೆಯ ಗರಗಸದ ಮೇಲೆ ಸಿಲ್ವರ್ ಓಕ್ ಹಲಗೆ ಸೀಳುವ ಕ್ರಮ ಹೀಗಿರುತ್ತದೆ. ಮೊದಲು ಹಲಗೆಯ ಒಂದು ಮುಖ, ಒಂದು ಅಂಚನ್ನು ಹತ್ತರಿ ಹೊಡೆದು ನೆಟ್ಟಗೆ ಮಾಡಿಕೊಳ್ಳಬೇಕು. ತಿರುಚಿದ ಹಲಗೆ ಮೇಜಿನ ಮೇಲೆ ಅಲುಗಾಡುತ್ತದೆ, ಅಲುಗಾಡುವುದು ಬ್ಲೇಡಿಗೆ ಸಿಕ್ಕಿಕೊಳ್ಳುತ್ತದೆ. ಪ್ಲಗ್ ಕಿತ್ತು, ಬ್ಲೇಡಿನ ಮುಂದಿನ ಹಲ್ಲಿನಿಂದಲೂ ಹಿಂದಿನ ಹಲ್ಲಿನಿಂದಲೂ ಫೆನ್ಸಿಗೆ, ಅಂದರೆ ಹಲಗೆಯ ಅಂಚನ್ನು ಆನಿಸಿ ತಳ್ಳುವ ಉದ್ದ ಪಟ್ಟಿಗೆ, ಇರುವ ದೂರ ಅಳೆಯಬೇಕು. ಹಿಂದೆ ದೂರ ಕಡಿಮೆ ಬಂದರೆ ಫೆನ್ಸೇ ಮರವನ್ನು ಬ್ಲೇಡಿಗೆ ಒತ್ತುತ್ತಿದೆ ಎಂದರ್ಥ. ನಿಲ್ಲುವಾಗ ಬ್ಲೇಡಿನ ನೇರಕ್ಕೆ ಬೇಡ, ಒಂದು ಪಕ್ಕಕ್ಕೆ. ಫೆನ್ಸಿಗೂ ಬ್ಲೇಡಿಗೂ ನಡುವಿನ ಜಾಗ ಒಂದು ಗೇಣಿಗಿಂತ ಕಡಿಮೆಯಿದ್ದರೆ ಅಲ್ಲಿ ಕೈ ಹೋಗಬಾರದು, ತಳ್ಳುಕೋಲು ಹೋಗಬೇಕು. ಶುರು ಮಾಡಿದ ಸೀಳನ್ನು ಬೆಣೆ ದಾಟುವವರೆಗೂ ಒಂದೇ ಸಮನೆ ತಳ್ಳಬೇಕು, ನಡುವೆ ಹಿಂದಕ್ಕೆಳೆಯಬಾರದು. ಬಿದ್ದ ಚೂರು ಬ್ಲೇಡು ನಿಲ್ಲುವ ತನಕ ಬಿದ್ದಲ್ಲೇ ಇರಲಿ. ಅಡ್ಡಕ್ಕೆ ಕತ್ತರಿಸುವಾಗ ಹಲಗೆಯನ್ನು ಅಡ್ಡಲಾಗಿ ಹಿಡಿದು ತಳ್ಳುವ ಮೈಟರ್ ಗೇಜ್ ಸಾಕು. ಅದರ ಜೊತೆಗೆ ಫೆನ್ಸಿಗೂ ಆನಿಸಿದರೆ ತುಂಡಾದ ಚೂರು ಎರಡರ ನಡುವೆ ಸಿಕ್ಕಿ ಹಾರುತ್ತದೆ. ಯಾವ ಆಸರೆಯೂ ಇಲ್ಲದೆ ಬರಿಗೈಲಿ ಹಿಡಿದು ಕತ್ತರಿಸುವುದಂತೂ ಯಾವತ್ತೂ ಕೂಡದು.

ಒಟ್ಟಿನಲ್ಲಿ ನನ್ನ ತೀರ್ಮಾನ ಇಷ್ಟು. ತಲೆಕೆಳಗು ಕಟ್ಟಿದ ಮಾರ್ಬಲ್ ಕಟರು ಜಾಣ್ಮೆಯ ಕೆಲಸ, ಆದರೆ ಟೇಬಲ್ ಸಾ ಅಲ್ಲ. ಮನೆಯ ಕಾರ್ಯಾಗಾರಕ್ಕೆ ಅದು ಬೇಡ. ಹವ್ಯಾಸಿಯ ಕೆಲಸದಲ್ಲಿ ಬಹುಪಾಲು ಪ್ಲೈವುಡ್ ಹಾಳೆಗಳು. ಅವುಗಳಿಗೆ ಮರ ಕತ್ತರಿಸಲೆಂದೇ ಮಾಡಿದ ಸರ್ಕ್ಯುಲರ್ ಸಾ ಸಾಕು: ಗಾರ್ಡು ಇಟ್ಟುಕೊಂಡೇ, ನೇರ ಪಟ್ಟಿಯೊಂದನ್ನು ಹಾಳೆಗೆ ಕ್ಲಾಂಪ್ ಮಾಡಿ, ಅದರ ಗುಂಟ ಮೆಶಿನ್ನನ್ನು ಓಡಿಸಬಹುದು. ಆಗ ಎರಡೂ ಕೈ ಮೆಶಿನ್ನಿನ ಹಿಡಿಯ ಮೇಲಿರುತ್ತವೆ. ದಪ್ಪ ಹಲಗೆ ಸೀಳಬೇಕಿದ್ದರೆ ಸಾಮಿಲ್ಲಿನವರು ಸೀಳಿ ಕೊಡುತ್ತಾರೆ. ಇಷ್ಟರಲ್ಲಿ ತೃಪ್ತಿಯಾಗದೆ ಟೇಬಲ್ ಸಾ ಬೇಕೇಬೇಕು ಅನ್ನಿಸಿದವರು ದುಡ್ಡು ಕೂಡಿಸಿ ನಿಜವಾದದ್ದನ್ನೇ ಕೊಳ್ಳಲಿ. ಅಂಗಡಿಯಲ್ಲಿ ಮೋಟರಿನ ವಾಟ್ ಎಷ್ಟೆಂದು ಕೇಳುವ ಮೊದಲು ರೈವಿಂಗ್ ನೈಫ್ ತೋರಿಸಿ ಎನ್ನಿ. ಕರೆಂಟು ಹೋಗಿ ಬಂದರೆ ಮೆಶಿನ್ನು ತಾನೇ ಓಡುತ್ತದೆಯೇ ಎಂದು ಕೇಳಿ. ಬೆಣೆ ಇಲ್ಲ ಎಂದರೆ, ಅಥವಾ ಓಡುತ್ತದೆ ಎಂದರೆ, ಆ ಗರಗಸ ಕೊಳ್ಳಬೇಡಿ.