ರೋಗ ಮುಚ್ಚಿಡದ ಗಾಡಿ
2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್‌ನ ಹಿರಿಮೆ ಅದರ ಸರಳತೆ. ಎರಡೇ ಸಿಲಿಂಡರಿನ 702 ಸಿಸಿ ಡೀಸೆಲ್ ಎಂಜಿನ್, ಕೆಳಗೆ ಸ್ಪ್ರಿಂಗ್ ಪ್ಲೇಟು. ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸಬಲ್ಲ. ಎಪಿಎಂಸಿಗೆ ಟೊಮೆಟೊ, ಕಟ್ಟಡಕ್ಕೆ ಸಿಮೆಂಟು, ಬಾಡಿಗೆ ಮನೆಯವರ ಮಂಚ, ಬೀರು ಹೊತ್ತು ಸವೆದ ಮೇಲೂ ಅದು ತನ್ನ ರೋಗವನ್ನು ಮುಚ್ಚಿಡುವುದಿಲ್ಲ. ಹೊಗೆ ನೀಲಿಯಾದರೆ ಆಯಿಲ್ ಸುಡುತ್ತಿದೆ. ಕಪ್ಪಾದರೆ ಏರ್ ಫಿಲ್ಟರ್, ನಾಜಲ್ ನೋಡಬೇಕು. ಎಂಜಿನ್ ಬಿಸಿಯಾದರೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಖಾಲಿ ಗಾಡಿ ಒಂದು ಕಡೆಗೆ ವಾಲಿದರೆ ಪ್ಲೇಟು ಸೋತಿರಬಹುದು. ಹಳೆಯ ಗಾಡಿ ಕೊಳ್ಳುವಾಗ ಹೊಸ ಬಣ್ಣಕ್ಕೆ ಮರುಳಾಗದೆ ಚಾಸಿಯ ತುಕ್ಕು, ವೆಲ್ಡಿಂಗ್ ಗುರುತು ಹುಡುಕಿ. ಎಫ್‌ಸಿ, ಆರ್‌ಸಿಯಲ್ಲಿನ ಸಾಲದ ನಮೂದು ಪರೀಕ್ಷಿಸಿ. ಕೊಂಡ ಮೇಲೆ ಆಯಿಲ್, ಕೂಲಂಟ್, ಗ್ರೀಸ್ ತಪ್ಪಿಸಬೇಡಿ. ಕೊಟ್ಟ ಹಣವನ್ನು ಗಾಡಿ ದುಡಿದು ತೀರಿಸುತ್ತದೆ.