ತನ್ನ ತಪ್ಪನ್ನೇ ದಾಖಲಿಸದ ಲಾಗಿಂಗ್

ಜಾವಾದಲ್ಲಿ ಬರೆದ ಸರ್ವರೊಂದು ನಡುರಾತ್ರಿ ಕೈಕೊಟ್ಟರೆ, ಏನಾಯಿತೆಂದು ಹುಡುಕುವವರಿಗೆ ಬಹುಪಾಲು ಉಳಿಯುವ ಸಾಕ್ಷಿ ಲಾಗ್ ಫೈಲ್ ಮಾತ್ರ. ಅದರಲ್ಲಿ ಯಾವುದು ಇರಬೇಕು, ಯಾವುದು ಬಿಟ್ಟುಹೋದರೂ ನಡೆದೀತು, ಎಷ್ಟು ದಿನ ಉಳಿಯಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಐವತ್ತು ಅರವತ್ತು ಸಾಲಿನ ಒಂದು ಕಾನ್ಫಿಗರೇಶನ್ ಫೈಲ್. ಸಾಫ್ಟ್‌ವೇರ್ ತಂಡಗಳಲ್ಲಿ ಇಷ್ಟು ಅನಾದರಕ್ಕೆ ಒಳಗಾದ ಫೈಲ್ ಇನ್ನೊಂದಿರಲಾರದು. ಹಳೆಯ ಪ್ರಾಜೆಕ್ಟಿನಿಂದ ಎತ್ತಿ ತಂದು, ಪ್ಯಾಕೇಜಿನ ಹೆಸರು ಬದಲಿಸಿ, ಕನ್ಸೋಲಿನಲ್ಲಿ ನಾಲ್ಕು ಸಾಲು ಕಂಡರೆ ಕೆಲಸ ಮುಗಿಯಿತು. ವೇರಿಯಬಲ್ ಹೆಸರಿನ ಬಗ್ಗೆ ಕೋಡ್ ರಿವ್ಯೂನಲ್ಲಿ ಗಂಟೆಗಟ್ಟಲೆ ವಾದಿಸುವವರೂ ಇದನ್ನು ಓದದೆ ದಾಟಿಸುತ್ತಾರೆ. ಇದಕ್ಕೆ ಪ್ರೋಗ್ರಾಮರುಗಳ ಉದಾಸೀನವನ್ನು ದೂರುವುದು ರೂಢಿ. ನಾನು ಹಾಗೆ ತಿಳಿದಿಲ್ಲ. ಈ ಉದಾಸೀನವನ್ನು ಬೆಳೆಸಿದ್ದರಲ್ಲಿ ಲಾಗಿಂಗ್ ಫ್ರೇಮ್‌ವರ್ಕುಗಳ ಪಾಲೇ ದೊಡ್ಡದು. ತಪ್ಪು ಬರೆದರೂ ಅವು ತಡೆಯುವುದಿಲ್ಲ. ತಮಗೆ ತೋಚಿದ್ದನ್ನು ಊಹಿಸಿಕೊಂಡು ಸದ್ದಿಲ್ಲದೆ ಮುಂದೆ ಸಾಗುತ್ತವೆ. ಏನನ್ನು ಕಳೆದುಕೊಳ್ಳಬಹುದು ಎಂಬ ಅತಿ ಮುಖ್ಯ ನಿರ್ಧಾರವನ್ನು ಡೀಫಾಲ್ಟ್ ಮೌಲ್ಯಗಳ ಹಿಂದೆ ಮರೆಮಾಡುತ್ತವೆ. ಇವುಗಳಲ್ಲಿ ತುಂಬ ಎಚ್ಚರದಿಂದ ಕಟ್ಟಿದ ಲಾಗ್‌ಬ್ಯಾಕ್ ಕೂಡ ಹಾಗೆಯೇ ಇರುವುದರಿಂದ, ಮುಖ್ಯವಾಗಿ ಅದನ್ನೇ ಮುಂದಿಟ್ಟುಕೊಂಡು ನೋಡಬೇಕು.

ಲಾಗ್‌ಬ್ಯಾಕ್‌ನ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಲಾಗ್‌ಫೋರ್‌ಜೆಯನ್ನು ಆರಂಭಿಸಿದ ಚೆಕಿ ಗುಲ್ಚು ಅವರೇ ಆ ಅನುಭವದ ಮೇಲೆ ಎಸ್‌ಎಲ್‌ಎಫ್‌ಫೋರ್‌ಜೆ ಮತ್ತು ಲಾಗ್‌ಬ್ಯಾಕ್‌ಗಳನ್ನು ಕಟ್ಟಿದರು. ಕೋಡು ಬರೆಯುವವರು ಸಂದೇಶವನ್ನಷ್ಟೇ ಬರೆಯಲಿ, ಅದು ಎಲ್ಲಿಗೆ ಯಾವ ರೂಪದಲ್ಲಿ ಹೋಗಬೇಕೆಂಬುದನ್ನು ಹೊರಗಿನ ಫೈಲ್ ಹೇಳಲಿ ಎಂಬ ವಿಂಗಡಣೆ ಇಪ್ಪತ್ತು ವರ್ಷ ದಾಟಿದರೂ ಹಳತಾಗಿಲ್ಲ. ಲಾಗರ್‌ಗಳನ್ನು ಪ್ಯಾಕೇಜಿನ ಹೆಸರಿನಂತೆ ತಾಯಿ-ಮಗುವಿನ ಶ್ರೇಣಿಯಲ್ಲಿ ಇಟ್ಟಿರುವುದರಿಂದ ಇಡೀ ಅಪ್ಲಿಕೇಶನ್ ಇನ್ಫೋ ಮಟ್ಟದಲ್ಲಿದ್ದಾಗ ಒಂದೇ ಮಾಡ್ಯೂಲನ್ನು ಡೀಬಗ್‌ಗೆ ಇಳಿಸಬಹುದು. ಸ್ಕ್ಯಾನ್ ಸೌಲಭ್ಯ ಆನ್ ಮಾಡಿದ್ದರೆ ಸರ್ವರನ್ನು ನಿಲ್ಲಿಸದೆಯೇ ಹೊಸ ಮಟ್ಟ ಜಾರಿಗೆ ಬರುತ್ತದೆ. 2002ರಲ್ಲಿ ಜೆಡಿಕೆ 1.4ರ ಜೊತೆಗೇ ಬಂದ ಜಾವಾದ ಸ್ವಂತ ಲಾಗಿಂಗ್‌ಗೆ ಇಷ್ಟು ಜನಪ್ರಿಯತೆ ಸಿಗಲಿಲ್ಲ. ಅಲ್ಲಿ ಲಾಗರ್‌ಗೊಂದು ಮಟ್ಟ, ಹ್ಯಾಂಡ್ಲರ್‌ಗೊಂದು ಮಟ್ಟ. ಲಾಗರನ್ನು ಫೈನ್‌ಗೆ ಇಳಿಸಿದರೂ ಕನ್ಸೋಲ್ ಹ್ಯಾಂಡ್ಲರ್ ಇನ್ಫೋದಲ್ಲೇ ನಿಂತಿರುತ್ತದೆ, ಪರದೆಯ ಮೇಲೆ ಏನೂ ಕಾಣದು.

ಇನ್ನು ತಪ್ಪು ಬರೆದಾಗ ಏನಾಗುತ್ತದೆ ನೋಡೋಣ. ಜಾವಾದ ಸ್ವಂತ ಲಾಗಿಂಗ್‌ನಲ್ಲಿ ಎಚ್ಚರಿಕೆಯ ಮಟ್ಟದ ಹೆಸರು ವಾರ್ನಿಂಗ್, ಲಾಗ್‌ಬ್ಯಾಕ್‌ನಲ್ಲಿ ವಾರ್ನ್. ಅಲ್ಲಿಂದ ಇಲ್ಲಿಗೆ ಬಂದ ಒಬ್ಬರು ಕೈ ಅಭ್ಯಾಸದಂತೆ ರೂಟ್ ಲಾಗರಿನ ಮಟ್ಟವನ್ನು ವಾರ್ನಿಂಗ್ ಎಂದು ಬರೆದರು ಅನ್ನಿ. ಲಾಗ್‌ಬ್ಯಾಕ್ ಇದನ್ನು ತಪ್ಪೆಂದು ತಿರಸ್ಕರಿಸುವುದಿಲ್ಲ. ತನಗೆ ಗೊತ್ತಿಲ್ಲದ ಮಟ್ಟ ಸಿಕ್ಕರೆ ಡೀಬಗ್ ಎಂದು ತಿಳಿಯಬೇಕೆಂಬುದು ಅದರ ಲೆವೆಲ್ ಕ್ಲಾಸಿನ ಘೋಷಿತ ನಿಯಮ. ಲಾಗ್ ಕಡಿಮೆಯಾಗಲೆಂದು ಬರೆದ ಸಾಲು ಹೀಗೆ ಲಾಗಿನ ಪ್ರವಾಹವನ್ನೇ ತೆರೆಯುತ್ತದೆ. ಫೈಲನ್ನು ಓದುವಾಗ ದೋಷವೋ ಎಚ್ಚರಿಕೆಯೋ ಕಂಡರೆ ಲಾಗ್‌ಬ್ಯಾಕ್ ತಾನಾಗಿ ಕನ್ಸೋಲಿನಲ್ಲಿ ತಿಳಿಸುತ್ತದೆ, ನಿಜ. ಆದರೆ ಈ ಬದಲಾವಣೆಯನ್ನು ಅದು ದೋಷವೆಂದು ಎಣಿಸಿಯೇ ಇಲ್ಲ. ಪ್ಯಾಕೇಜಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರಂತೂ ಯಾವ ಕ್ಲಾಸಿಗೂ ಸೇರದ ಒಂದು ಲಾಗರ್ ಹುಟ್ಟಿಕೊಂಡು, ಬೇಕಾದ ಮಾಡ್ಯೂಲ್ ಹಳೆಯ ಮಟ್ಟದಲ್ಲೇ ಉಳಿಯುತ್ತದೆ. ಯಾರಿಗೂ ಬೇಡವಾದ ಜಾವಾದ ಸ್ವಂತ ಲಾಗಿಂಗ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ: ಲಾಗರಿನ ಮಟ್ಟ ತಪ್ಪಾಗಿದ್ದರೆ ಇಂಥ ಪ್ರಾಪರ್ಟಿಯ ಮೌಲ್ಯ ಸರಿಯಿಲ್ಲವೆಂದು ಎರರ್ ಸ್ಟ್ರೀಮಿಗೆ ಒಂದು ಸಾಲು ಬರೆಯುತ್ತದೆ.

ಫೈಲೇ ಸಿಗದಿದ್ದರೆ? ಲಾಗ್‌ಬ್ಯಾಕ್ ಡೀಬಗ್ ಮಟ್ಟದಲ್ಲಿ ಎಲ್ಲವನ್ನೂ ಕನ್ಸೋಲಿಗೆ ಸುರಿಯುತ್ತದೆ, ಲಾಗ್‌ಫೋರ್‌ಜೆ 2 ಎರರ್‌ಗಿಂತ ಕೆಳಗಿನದ್ದನ್ನೆಲ್ಲ ಅದುಮುತ್ತದೆ, ಜಾವಾದ್ದು ಇನ್ಫೋದಲ್ಲಿ ನಿಲ್ಲುತ್ತದೆ. ಒಂದೇ ಕೋಡು, ಒಂದೇ ಕೊರತೆ, ಫಲ ಮಾತ್ರ ಮೂರು ಬಗೆ.

ನನ್ನ ಆಕ್ಷೇಪಕ್ಕೆ ಅತ್ಯಂತ ಗಟ್ಟಿಯಾದ ಆಧಾರ ಲಾಗ್‌ಬ್ಯಾಕ್‌ನ ಅಸಿಂಕ್ ಅಪೆಂಡರ್. ಲಾಗ್ ಬರೆಯಲು ಡಿಸ್ಕಿಗಾಗಿ ಕಾಯುವುದು ಬೇಡ, ಸಂದೇಶಗಳನ್ನು ಒಂದು ಸರದಿಯಲ್ಲಿಟ್ಟು ಬೇರೊಂದು ಥ್ರೆಡ್‌ನಿಂದ ಬರೆಸೋಣ ಎಂಬುದು ಇದರ ಉದ್ದೇಶ. ಸರದಿಯ ಡೀಫಾಲ್ಟ್ ಗಾತ್ರ 256. ಅದರಲ್ಲಿ ಖಾಲಿ ಜಾಗ ಐದನೇ ಒಂದು ಭಾಗಕ್ಕಿಂತ ಕಡಿಮೆಯಾದ ಕೂಡಲೇ ಟ್ರೇಸ್, ಡೀಬಗ್, ಇನ್ಫೋ ಸಂದೇಶಗಳನ್ನು ಬಿಸಾಡಲು ಶುರುಮಾಡುತ್ತದೆ. ವಾರ್ನ್ ಮತ್ತು ಎರರ್ ಮಾತ್ರ ಉಳಿಯುತ್ತವೆ. ಹಣ ಪಾವತಿಯ ಒಂದು ವ್ಯವಸ್ಥೆಯಲ್ಲಿ ಇದರ ಪರಿಣಾಮ ಊಹಿಸಿಕೊಳ್ಳಿ. ಖಾತೆಯಿಂದ ಹಣ ಕಡಿತವಾಯಿತೆಂಬ ಸಾಲು ಸಾಮಾನ್ಯವಾಗಿ ಇನ್ಫೋ ಮಟ್ಟದಲ್ಲಿರುತ್ತದೆ, ರಸೀದಿ ಕಳುಹಿಸಲಾಗಲಿಲ್ಲ ಎಂಬುದು ಎರರ್ ಮಟ್ಟದಲ್ಲಿ. ಒತ್ತಡ ಹೆಚ್ಚಿದ ಹೊತ್ತಿನಲ್ಲಿ ಎರಡನೆಯದು ಉಳಿದು ಮೊದಲನೆಯದು ಮಾಯವಾಗುತ್ತದೆ. ಮರುದಿನ ಲಾಗ್ ಓದುವವರಿಗೆ ಹಣ ಕಡಿತವೇ ಆಗಲಿಲ್ಲ ಎಂದು ಕಂಡರೆ ಆಶ್ಚರ್ಯವಿಲ್ಲ. ಸಂದೇಶ ಬಿಟ್ಟುಹೋದದ್ದಕ್ಕೆ ಫೈಲಿನಲ್ಲಿ ಗುರುತಿಲ್ಲ, ಎಷ್ಟು ಬಿಟ್ಟುಹೋದವು ಎಂಬ ಲೆಕ್ಕವಿಲ್ಲ. ಡಿಸ್ಕಾರ್ಡಿಂಗ್ ಥ್ರೆಶೋಲ್ಡ್ ಎಂಬ ಮೌಲ್ಯವನ್ನು ಸೊನ್ನೆಗೆ ಇಟ್ಟರೆ ಏನೂ ಕಳೆಯುವುದಿಲ್ಲ ಎಂದು ಕೈಪಿಡಿಯಲ್ಲಿ ಬರೆದಿದೆ. ಆದರೆ ಆ ಸಾಲನ್ನು ಹುಡುಕಿ ಓದುವವರು ಒಮ್ಮೆ ನಷ್ಟ ಅನುಭವಿಸಿದವರೇ. ಲಾಗ್‌ಫೋರ್‌ಜೆ 2 ಇಲ್ಲಿ ಬೇರೆ ದಾರಿ ಹಿಡಿದಿದೆ. ಸರದಿ ತುಂಬಿದರೂ ಅದು ತಾನಾಗಿ ಸಂದೇಶ ಬಿಸಾಡುವುದಿಲ್ಲ, ವೇಗ ಕಡಿಮೆಯಾದರೂ ಆಗಲಿ ಎಂದು ಕಾಯುತ್ತದೆ. ಬಿಸಾಡಲಿ ಎಂದು ನಾವೇ ಆಯ್ದುಕೊಂಡರೂ, ಮೊದಲ ಸಂದೇಶ ಬಿದ್ದಾಗ ಒಂದು ಎಚ್ಚರಿಕೆ ಬರೆಯುತ್ತದೆ. ಈ ಎರಡರಲ್ಲಿ ಲಾಗ್‌ಫೋರ್‌ಜೆಯದೇ ಸರಿಯಾದ ಕ್ರಮ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಅದೇ ಲಾಗ್‌ಫೋರ್‌ಜೆ 2 ಇನ್ನೊಂದು ಡೀಫಾಲ್ಟಿನಿಂದ ಜಗತ್ತನ್ನೇ ನಡುಗಿಸಿತು. 2021ರ ಡಿಸೆಂಬರಿನಲ್ಲಿ ಬಯಲಾದ ಲಾಗ್‌ಫೋರ್‌ಶೆಲ್ ದೋಷಕ್ಕೆ ಅಪಾಯದ ಅಳತೆಯಲ್ಲಿ ಗರಿಷ್ಠವಾದ 10 ಅಂಕ ಸಿಕ್ಕಿತು. ಸಂದೇಶದೊಳಗೆ ಡಾಲರ್ ಚಿಹ್ನೆ, ಪುಷ್ಪಾವರಣದ ಒಂದು ಗೊತ್ತಾದ ವಿನ್ಯಾಸ ಇದ್ದರೆ ಅದನ್ನು ಬರಿಯ ಅಕ್ಷರವೆಂದು ಬಿಡದೆ ಬಿಡಿಸಿ ನೋಡುವ ಲುಕಪ್ ಸೌಲಭ್ಯ ಅದರಲ್ಲಿತ್ತು. 2013ರಲ್ಲಿ ಜೆಎನ್‌ಡಿಐ ಲುಕಪ್ ಕೂಡ ಸೇರಿದ ಮೇಲೆ, ಬಳಕೆದಾರ ಲಾಗಿನ್ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ ಒಂದು ಸಾಲು ಸರ್ವರನ್ನು ಹೊರಗಿನ ವಿಳಾಸಕ್ಕೆ ಓಡಿಸಿ, ಅಲ್ಲಿಂದ ಕೋಡು ತಂದು ನಡೆಸಬಲ್ಲದಾಯಿತು. ಪ್ಯಾಟರ್ನಿನಲ್ಲಿ ಸಂದೇಶ ಎಂದಷ್ಟೇ ಬರೆದ ಲಕ್ಷಾಂತರ ಜನ ಈ ಲುಕಪ್ಪನ್ನು ಕೇಳಿರಲಿಲ್ಲ. ಬೇಡ ಎನ್ನುವ ಆಯ್ಕೆ ಅದೇ ಪ್ಯಾಟರ್ನಿನಲ್ಲಿ ಮೊದಲೇ ಇತ್ತು, ಆದರೆ ಅದನ್ನು ಬರೆದವರು ವಿರಳ. ಆ ತಿಂಗಳು ಮುಗಿಯುವಷ್ಟರಲ್ಲಿ 2.15.0ರಿಂದ 2.17.1ರವರೆಗೆ ನಾಲ್ಕು ಆವೃತ್ತಿಗಳು ಹೊರಬಂದವು. ಕೋಡಿನ ದೋಷ ಎಂದು ಇದನ್ನು ವಿವರಿಸುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಮೊದಲಿಗೆ ಡೀಫಾಲ್ಟಿನ ದೋಷ. ಬೇಕಾದವರು ಕೇಳಿ ಪಡೆಯಬೇಕಾದ ಶಕ್ತಿಯನ್ನು ಎಲ್ಲರ ಕೈಗೂ ಕೇಳದೆಯೇ ಕೊಟ್ಟದ್ದು.

ನನ್ನ ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ನಿಜಕ್ಕೂ ತೂಕದ್ದು. ಲಾಗಿಂಗ್ ಪೋಷಕ ಪಾತ್ರ, ಅದು ಕೆಟ್ಟಿತೆಂದು ಮುಖ್ಯ ಕೆಲಸ ನಿಲ್ಲಬಾರದು. ಡಿಸ್ಕ್ ತುಂಬಿತೆಂದು ರೈಲ್ವೆ ಟಿಕೆಟ್ ಕೊಡುವುದನ್ನು ನಿಲ್ಲಿಸಲಾದೀತೇ ಎಂಬ ವಾದ. ಫ್ರೇಮ್‌ವರ್ಕುಗಳ ಮೌನ ಹೀಗೆ ಯೋಚಿಸಿ ಆಯ್ದುಕೊಂಡದ್ದೇ ಇರಬಹುದು. ಓಡುತ್ತಿರುವ ಅಪ್ಲಿಕೇಶನ್ನಿನ ಮಟ್ಟಿಗೆ ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅಪ್ಲಿಕೇಶನ್ ಶುರುವಾಗುವ ಗಳಿಗೆಗೂ ಅದು ಓಡುತ್ತಿರುವ ಗಳಿಗೆಗೂ ವ್ಯತ್ಯಾಸವಿದೆ. ಕಾನ್ಫಿಗರೇಶನ್ ಓದುವಾಗ ಗ್ರಾಹಕರು ಇನ್ನೂ ಬಾಗಿಲಿಗೆ ಬಂದಿರುವುದಿಲ್ಲ. ತಪ್ಪು ಮಟ್ಟ ಕಂಡರೆ ಆಗ ನಿಲ್ಲುವುದರಿಂದ ಹೋಗುವುದೇನಿಲ್ಲ, ಉಳಿಯುವುದು ಬೇಕಾದಷ್ಟಿದೆ. ಸ್ಪ್ರಿಂಗ್ ಬೂಟ್ ಇದನ್ನು ಮಾಡಿ ತೋರಿಸಿದೆ: ತನ್ನ ಪ್ರಾಪರ್ಟೀಸ್ ಫೈಲಿನಲ್ಲಿ ಇಲ್ಲದ ಮಟ್ಟವನ್ನು ಬರೆದರೆ ಅದು ಅಪ್ಲಿಕೇಶನ್ನನ್ನು ಶುರುಮಾಡುವುದೇ ಇಲ್ಲ. ಓಡುವಾಗ ಸಂದೇಶ ಬಿಸಾಡಲೇಬೇಕಾದರೆ ಬಿಸಾಡಲಿ. ಇಷ್ಟು ಬಿಟ್ಟೆ ಎಂಬ ಒಂದು ಸಂಖ್ಯೆಯನ್ನಾದರೂ ಬರೆದಿಡಲಿ.

ಸ್ಪ್ರಿಂಗ್ ಬೂಟ್ ಇರುವಾಗ, ಕಂಟೇನರುಗಳ ಕಾಲದಲ್ಲಿ, ಲಾಗ್ ಎಲ್ಲ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೋಗುವಾಗ ಈ ಫೈಲಿನ ಚಿಂತೆಯೇಕೆ ಎನ್ನುವವರೂ ಇದ್ದಾರೆ. ಎಲ್ಲಿಗೆ ಬರೆಯಬೇಕು ಎಂಬುದೊಂದೇ ಪ್ರಶ್ನೆಯಾಗಿದ್ದರೆ ಅವರ ಮಾತು ಸರಿ. ಏನನ್ನು ಬರೆಯಬೇಕು, ಎಷ್ಟು ಕಾಲ ಇಡಬೇಕು ಎಂಬುದನ್ನು ಕಂಟೇನರ್ ತೀರ್ಮಾನಿಸಲಾರದು. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಲು ಹೇಳಬೇಕಾಯಿತು, ಅವು ಮರೆಮಾಚದೆ ಒಳಗಿನ ಲಾಗಿನಲ್ಲಿ ದಾಖಲಾಗಿದ್ದವು ಎಂಬ ಕಾರಣಕ್ಕೆ. ಕಾಲದ ಪ್ರಶ್ನೆ ಬೆಂಗಳೂರಿನ ಕಂಪನಿಗಳಿಗೆ ನೇರವಾಗಿ ತಟ್ಟುವಂಥದ್ದು. ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಐಟಿ ವ್ಯವಸ್ಥೆಗಳ ಲಾಗನ್ನು 180 ದಿನ ಕಾಪಾಡಬೇಕು. ಸ್ಪ್ರಿಂಗ್ ಬೂಟ್‌ನಲ್ಲಿ ಲಾಗ್‌ಬ್ಯಾಕ್ ಜೊತೆ ಫೈಲಿಗೆ ಬರೆಯಲು ಹೇಳಿ ಉಳಿದದ್ದನ್ನು ಡೀಫಾಲ್ಟಿಗೆ ಬಿಟ್ಟರೆ, 10 ಎಂಬಿಗೊಮ್ಮೆ ಫೈಲ್ ಬದಲಾಗಿ ಹಳೆಯ ಫೈಲುಗಳು 7 ದಿನ ಮಾತ್ರ ಉಳಿಯುತ್ತವೆ. ಲಾಗನ್ನು ಬೇರೆಡೆ ಸಾಗಿಸಿ ಇಡುವವರಿಗೆ ಇದು ತೊಂದರೆಯಲ್ಲ. ಸಾಗಿಸದವರು ಎಂಟನೆಯ ದಿನದಿಂದಲೇ ನಿಯಮ ಮೀರಿರುತ್ತಾರೆ, ಅದು ಅವರಿಗೆ ಗೊತ್ತೂ ಇರುವುದಿಲ್ಲ.

ಕೈಪಿಡಿ ಓದದವರ ತಪ್ಪು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಲಾಗ್‌ಬ್ಯಾಕ್‌ನ ಕೈಪಿಡಿ ಒಳ್ಳೆಯದು, ವಿವರವಾದದ್ದು ಕೂಡ. ಆದರೆ ತಪ್ಪು ಬರೆದಿದ್ದೇನೆಂದು ಗೊತ್ತಾದರಲ್ಲವೇ ಕೈಪಿಡಿ ತೆರೆಯುವುದು? ವಿನ್ಯಾಸದಲ್ಲಿ ಲಾಗ್‌ಬ್ಯಾಕ್ ಇಂದಿಗೂ ಮೊದಲ ಸಾಲಿನ ಕೃತಿ; ತಪ್ಪನ್ನು ತಿಳಿಸುವ ವಿಷಯದಲ್ಲಿ ಅದು ತನ್ನ ಯೋಗ್ಯತೆಗಿಂತ ಬಹಳ ಕೆಳಗಿದೆ. ಅದು ಸುಧಾರಿಸುವವರೆಗೆ ಕೆಲಸ ನಮ್ಮದೇ. ಲಾಗ್‌ಬ್ಯಾಕ್ ಫೈಲಿನ ಮೊದಲ ಸಾಲಿನಲ್ಲಿ ಡೀಬಗ್ ಟ್ರೂ ಎಂದು ಬರೆದು ಒಮ್ಮೆ ಅಪ್ಲಿಕೇಶನ್ ನಡೆಸಿ, ಪ್ರತಿ ಲಾಗರಿಗೂ ಯಾವ ಮಟ್ಟ ಬಿತ್ತೆಂದು ಅದೇ ಪಟ್ಟಿ ಕೊಡುತ್ತದೆ. ಆ ಮಟ್ಟಗಳನ್ನು ಪರೀಕ್ಷಿಸುವ ಒಂದು ಯೂನಿಟ್ ಟೆಸ್ಟ್ ಬರೆಯಿರಿ. ಅಸಿಂಕ್ ಅಪೆಂಡರ್ ಇದ್ದರೆ ಥ್ರೆಶೋಲ್ಡ್ ಎಷ್ಟೆಂದು ಸ್ಪಷ್ಟವಾಗಿ ನಮೂದಿಸಿ, ಉಳಿಸುವ ದಿನಗಳ ಸಂಖ್ಯೆಯನ್ನು ಡೀಫಾಲ್ಟಿಗೆ ಬಿಡಬೇಡಿ. ಮುಂದಿನ ಕೋಡ್ ರಿವ್ಯೂನಲ್ಲಿ ಈ ಫೈಲ್ ಬಂದಾಗ ದಯವಿಟ್ಟು ಸಾಲು ಸಾಲಾಗಿ ಓದಿ.